ಕಸದ ಗುಡ್ಡ ಹುಳಿ ಬಂದಾಗ

2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿತು. ಕೆಳಗಿದ್ದ ಮಂದಾರ ಎಂಬ ಊರಿನ ಅಡಿಕೆ, ತೆಂಗಿನ ತೋಟಗಳಿಗೆ ಕಸ ನುಗ್ಗಿತು. 20ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಜಾರಿದ ಕಸವೇನೋ ಕಣ್ಣಿಗೆ ಕಾಣುತ್ತದೆ. ನನಗೆ ಜಾಸ್ತಿ ಭಯವಿರುವುದು ಕಾಣದೆ ಇಳಿಯುವ ನೀರಿನದು.

ಹಸಿ ಕಸದ ರಾಶಿಯೊಳಗಿನ ಆಮ್ಲಜನಕ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆಮೇಲೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳದೇ ಕಾರುಬಾರು. ಮುಚ್ಚಿಟ್ಟ ದೋಸೆ ಹಿಟ್ಟಿನ ಹಾಗೆ ರಾಶಿ ಹುಳಿ ಬರುತ್ತದೆ. ಹುಳಿ ಏನು ಮಾಡುತ್ತದೆ ಅಂತ ನಮ್ಮ ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತಿತ್ತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಅವರು ಸಾರು ಮಾಡುತ್ತಿರಲಿಲ್ಲ. ಹುಣಸೆಹುಳಿಗೆ ಹಿತ್ತಾಳೆಯಲ್ಲಿರುವ ತಾಮ್ರ ಕರಗಿ ಸಾರು ಕಿಲುಬಾಗುತ್ತಿತ್ತು. ಕಲಾಯಿಯವನು ಊರಿಗೆ ಬಂದರೆ ಪಾತ್ರೆಗಳೆಲ್ಲ ಜಗಲಿಗೆ ಬರುತ್ತಿದ್ದವು. ತಿದಿ ಒತ್ತಿ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿದರೆ ಒಳಗೆಲ್ಲ ಬೆಳ್ಳಿಯಂತೆ ಹೊಳಪು. ಕೂದಲಿಗಿಂತ ತೆಳುವಾದ ಆ ಪದರವೇ ಹುಳಿಗೂ ತಾಮ್ರಕ್ಕೂ ನಡುವಿನ ಗೋಡೆ.

ಕಸದ ಗುಡ್ಡಕ್ಕೆ ಯಾರು ಕಲಾಯಿ ಹಾಕಿದ್ದಾರೆ? ಬಾಳೆಸಿಪ್ಪೆ, ಹಳಸಿದ ಅನ್ನದ ಹುಳಿ ಪಕ್ಕದಲ್ಲೇ ಬಿದ್ದ ಸೆಲ್ಲು, ಸರ್ಕ್ಯೂಟ್ ಬೋರ್ಡುಗಳ ಲೋಹವನ್ನು ಕರಗಿಸುತ್ತದೆ. ಹಳೆಯ ಪದರದಲ್ಲಿ ಹುಳಿ ತಗ್ಗಿ ಮೀಥೇನ್ ಗ್ಯಾಸ್ ಹುಟ್ಟುವ ಹೊತ್ತಿಗೆ, ಮೇಲೆ ಬಿದ್ದ ಹೊಸ ಕಸ ಹುಳಿ ಬರಲು ಶುರುವಾಗಿರುತ್ತದೆ. ಅದರ ಮೇಲೆ ಮಳೆ. ಕಾಫಿ ಫಿಲ್ಟರಿನಲ್ಲಿ ಬಿಸಿನೀರು ಇಳಿದ ಹಾಗೆ ನೀರು ಪದರ ಪದರ ದಾಟಿ, ತಳದಲ್ಲಿ ಕಪ್ಪು ಡಿಕಾಕ್ಷನ್ ಆಗಿ ತೊಟ್ಟಿಕ್ಕುತ್ತದೆ. ಇದೇ ಲೀಚೇಟ್. ತಳಕ್ಕೆ ನೀರು ಇಳಿಯದಂಥ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಅದು ಮಣ್ಣಿಗಿಳಿದು ಬಾವಿ ಸೇರುತ್ತದೆ. ಹಸಿ ಕಸ ಬೇರೆ ಹೋದರೆ ಹುಳಿಯೂ ಕಡಿಮೆ, ಗ್ಯಾಸೂ ಕಡಿಮೆ.

"ಕುದಿಸಿ ಕುಡಿದರಾಯ್ತು" ಅನ್ನುವವರಿದ್ದಾರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಲೋಹ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ.

ಇದಕ್ಕಿಂತ ಅಪಾಯದ ಮಾತು "ವಾಸನೆ ಅಭ್ಯಾಸ ಆಗುತ್ತೆ ಬಿಡಿ" ಅನ್ನುವುದು. ಕೊಳೆಯುವ ಕಸದಿಂದ ಹೊರಡುವ, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ತಲುಪಿದರೆ, ಕೆಲವೇ ನಿಮಿಷಗಳಲ್ಲಿ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಗ್ಯಾಸ್ ಅಲ್ಲೇ ಇರುತ್ತದೆ. ಇನ್ನೂ ಏರಿದರೆ ಉಸಿರೇ ನಿಲ್ಲುತ್ತದೆ. ಲೀಚೇಟ್ ಗುಂಡಿಗೆ ಇಳಿಯುವ ಕಾರ್ಮಿಕ ಮುಖಕ್ಕೆ ಸುತ್ತಿಕೊಂಡ ಟವೆಲ್ಲು ಧೂಳು ತಡೆದೀತು, ಗ್ಯಾಸನ್ನಲ್ಲ. ಅವನಿಗಿಂತ ಮೊದಲು ಹಗ್ಗಕ್ಕೆ ಕಟ್ಟಿದ, ವಿಷದ ಗ್ಯಾಸ್ ಅಳೆಯುವ ಮೀಟರ್ ಒಳಗಿಳಿಯಬೇಕು.