ಕೆರೆ ತುಂಬಿತು, ಬಾತು ಬರಲಿಲ್ಲ

ನಮ್ಮೂರ ಕೆರೆಯ ಹೂಳೆತ್ತಿಸಿದ ವರ್ಷ ಮಳೆಯೂ ಚೆನ್ನಾಗಿ ಬಂತು. ಕೋಡಿ ಬಿತ್ತು. ಬಾಗಿನ ಬಿಟ್ಟೆವು, ಫೋಟೊ ತೆಗೆಸಿಕೊಂಡೆವು, ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರಿಗೊಬ್ಬರು ಶಹಬ್ಬಾಸ್ ಹೇಳಿಕೊಂಡೆವು. ಎರಡು ವರ್ಷ ಓಡಾಡಿ, ಮನೆಮನೆಗೆ ಹೋಗಿ ದುಡ್ಡು ಎತ್ತಿ, ಟ್ರ್ಯಾಕ್ಟರ್ ಇದ್ದವರ ಕೈಕಾಲು ಹಿಡಿದು ಮಾಡಿಸಿದ ಕೆಲಸ ಅದು. ಖುಷಿ ಆಗದೇ ಇರುತ್ತದೆಯೇ.

ಆಮೇಲೆ ಡಿಸೆಂಬರ್ ಬಂತು. ಹಿಂದೆ ಅರ್ಧ ಕೆರೆ ನೀರಿದ್ದಾಗಲೂ ಆ ಹೊತ್ತಿಗೆ ವರಟೆ ಬಾತು, ಸೂಜಿಬಾಲದ ಬಾತು, ಗದ್ದೆಗೊರವ, ನಾಮದಕೋಳಿ ಅಂತ ಬೆಳಗಾದರೆ ಗಲಾಟೆಯೋ ಗಲಾಟೆ. ಈ ಸಲ ನೀರು ಕನ್ನಡಿಯ ಹಾಗೆ ಸುಮ್ನೆ ಬಿದ್ದಿತ್ತು. ನಡುವೆ ನಾಲ್ಕು ನೀರುಕಾಗೆ. ಅಷ್ಟೆ.

ಕಾರಣ ಗೊತ್ತಾಗಿದ್ದು ಒಂದು ಬಿದಿರ ಗಳದಿಂದ. ಅಂಚಿನಲ್ಲಿ ನಿಂತು ಗಳವನ್ನು ನೀರಿಗೆ ಇಳಿಸಿದೆ. ದಡದಿಂದ ಒಂದೇ ಹೆಜ್ಜೆ ಆಚೆ, ಗಳ ನನ್ನ ಎತ್ತರಕ್ಕೆ ಮುಳುಗಿತು. ಹತ್ತು ಮಾರು ನಡೆದು ಇನ್ನೊಂದು ಕಡೆ ಇಳಿಸಿದೆ, ಅಲ್ಲೂ ಅದೇ ಕಥೆ. ಪರಾತದ ಹಾಗೆ ಅಗಲವಾಗಿ, ಅಂಚು ತೆಳ್ಳಗಿದ್ದ ಕೆರೆಯನ್ನು ನಾವು ಬಕೆಟ್ ಮಾಡಿಬಿಟ್ಟಿದ್ದೆವು. ಜೆಸಿಬಿಯವರದೇನೂ ತಪ್ಪಿಲ್ಲ. ಎಷ್ಟು ಲೋಡ್ ಮಣ್ಣು ಹೋಯಿತು ಅನ್ನುವುದೊಂದೇ ನಮ್ಮ ಲೆಕ್ಕವಾಗಿತ್ತು. ಅವರು ಲೋಡ್ ತುಂಬಿಸಿ ಕಳಿಸಿದರು.

ಬಾತು ನೀರಿನ ಹಕ್ಕಿ, ನೀರು ಜಾಸ್ತಿ ಇದ್ದಷ್ಟೂ ಅದಕ್ಕೆ ಒಳ್ಳೆಯದು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಬಾತುಗಳಲ್ಲಿ ಬಹಳಷ್ಟಕ್ಕೆ ಮುಳುಗಿ ಮೇಯುವ ಅಭ್ಯಾಸವೇ ಇಲ್ಲ. ಅವು ಮೇಯುವುದನ್ನು ನೀವು ನೋಡಿರುತ್ತೀರಿ. ತಲೆ ಕೆಳಗೆ, ಬಾಲ ಆಕಾಶಕ್ಕೆ, ಕಾಲು ಪಟಪಟ. ಕತ್ತು ಎಷ್ಟು ಉದ್ದವೋ ಊಟ ಅಷ್ಟೇ ಆಳದಲ್ಲಿ ಸಿಗಬೇಕು. ವರಟೆಗೆ ಒಂದಡಿ ಆಚೀಚೆ. ಸೂಜಿಬಾಲದ ಬಾತಿಗೆ ಕತ್ತು ಉದ್ದ, ಅದಕ್ಕೆ ಇನ್ನೊಂದಿಷ್ಟು ಕೆಳಗಿನದೂ ಸಿಗುತ್ತದೆ. ಸಲಿಕೆ ಕೊಕ್ಕಿನ ಬಾತಿನದು ಬೇರೆಯೇ ವರಸೆ. ಅದರ ಕೊಕ್ಕಿನ ಅಂಚಿಗೆ ಬಾಚಣಿಗೆಯಂಥ ಸಣ್ಣ ಹಲ್ಲುಗಳ ಸಾಲು ಇದೆ, ನೀರನ್ನು ಒಳಗೆ ಎಳೆದುಕೊಂಡು ಸೋಸಿ ಹುಳುಹುಪ್ಪಟೆ, ಬೀಜ ಉಳಿಸಿಕೊಳ್ಳುತ್ತದೆ. ಹತ್ತಾರು ಸೇರಿದರೆ ಗಾಣದ ಎತ್ತಿನ ಹಾಗೆ ಒಂದರ ಹಿಂದೆ ಒಂದು ಸುತ್ತು ಹಾಕುತ್ತವೆ. ಹಾಗೆ ಸುತ್ತಿದಾಗ ಕೆಳಗಿನ ನೀರು ಕದಡಿ ಮೇಲೆ ಬರುತ್ತದೆ, ಮುಂದಿನದು ಎಬ್ಬಿಸಿದ್ದು ಹಿಂದಿನದಕ್ಕೆ ಊಟ.

ಮೆಟ್ಟುಗಾಲು ಹಕ್ಕಿಗೆ ಮೊಣಕಾಲು ಮಟ್ಟದ ನೀರು ಸಾಕು. ಗದ್ದೆಗೊರವಕ್ಕೆ ಬೆರಳು ಒದ್ದೆಯಾದರೆ ಸಾಕು. ಆಳದ ನೀರು ಯಾರಿಗೆ ಬೇಕು? ನೀರುಕಾಗೆಗೆ, ಗುಳುಮುಳುಕನಿಗೆ, ಮುಳುಗಿ ಮೇಯುವ ಒಂದೆರಡು ಜಾತಿ ಬಾತಿಗೆ. ನಮ್ಮ ಕೆರೆಯಲ್ಲಿ ನೀರುಕಾಗೆ ಮಾತ್ರ ಯಾಕಿತ್ತು ಅಂತ ಈಗ ಗೊತ್ತಾಯಿತಲ್ಲ.

ಇನ್ನೊಂದು ಸಣ್ಣ ಲೆಕ್ಕ ಇದೆ. ಕೆರೆಯ ಬದಿ ನೂರು ಅಡಿಗೆ ಒಂದಡಿ ಇಳಿಜಾರಾಗಿದ್ದರೆ, ಒಂದಡಿವರೆಗಿನ ಆಳದ ನೀರು ನೂರು ಅಡಿ ಅಗಲದ ಪಟ್ಟಿಯಾಗಿ ಸಿಗುತ್ತದೆ. ಗೋಡೆಯ ಹಾಗೆ ಕಡಿದರೆ ಆ ಪಟ್ಟಿಯೇ ಇಲ್ಲ. ನೀರಾವರಿ ಕೆರೆಯಲ್ಲಿ ತೂಬು ಎತ್ತಿದ ಮೇಲೆ ನೀರು ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ನೀರು ಒಂದು ಸೆಂಟಿಮೀಟರ್ ಇಳಿದರೂ ಇಂಥ ಇಳಿಜಾರಿನಲ್ಲಿ ಒಂದು ಮೀಟರ್ ಹೊಸ ಕೆಸರು ಮೇಲೆ ಬರುತ್ತದೆ. ನಿನ್ನೆ ಮೇದಲ್ಲೇ ಇವತ್ತೂ ಮೇಯಬೇಕಾಗಿಲ್ಲ, ದಿನಾ ಹೊಸ ಎಲೆ ಹಾಕಿ ಬಡಿಸಿದ ಹಾಗೆ. ಭತ್ತಕ್ಕೆ ಅಂತ ನಮ್ಮ ಹಿರಿಯರು ಕಟ್ಟಿದ ವ್ಯವಸ್ಥೆ ಇದು. ವಲಸೆ ಹಕ್ಕಿ ಬರುವ ನವೆಂಬರಿನಿಂದ ಹೊರಡುವ ಮಾರ್ಚಿನವರೆಗೆ ಅವುಗಳಿಗೂ ಸರಿಯಾಗಿ ಹೊಂದಿಕೊಂಡಿತು.

ಮತ್ತೆ ನಾವು ಸಾಗಿಸಿದ ಮಣ್ಣು. ಅದರಲ್ಲಿ ಏನಿತ್ತು?

ಚಾರ್ಲ್ಸ್ ಡಾರ್ವಿನ್ ಒಂದು ಪುಟ್ಟ ಹೊಂಡದ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು, ತನ್ನ ಓದುವ ಕೋಣೆಯಲ್ಲಿ ಮುಚ್ಚಿಟ್ಟು ಆರು ತಿಂಗಳು ಕಾದ. ಒಂದೊಂದೇ ಮೊಳಕೆ ಬಂದ ಹಾಗೆಲ್ಲ ಕಿತ್ತು ಎಣಿಸಿದ. ಒಟ್ಟು 537 ಗಿಡ! ಅಷ್ಟೂ ಕೆಸರು ಒಂದು ಕಾಫಿ ಕಪ್ಪಿನಲ್ಲಿ ಹಿಡಿಸುವಷ್ಟಿತ್ತು. ಒಂದು ಕಪ್ಪಿನಲ್ಲಿ ಅಷ್ಟಿದ್ದರೆ ಟ್ರ್ಯಾಕ್ಟರ್ ಲೋಡಿನಲ್ಲಿ ಎಷ್ಟು ಅಂತ ನೀವೇ ಊಹಿಸಿ. ಬೀಜದ ಜೊತೆಗೆ ನೀರುಚಿಗಟೆಯಂಥ ಸಣ್ಣ ಜೀವಿಗಳ ಮೊಟ್ಟೆಗಳೂ ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿ, ನೀರು ತಾಗಿದ ಕೂಡಲೇ ಏಳುತ್ತವೆ. ಬಾತಿನ ಊಟದ ಬಿತ್ತನೆ ಇರುವುದೇ ಆ ಮೇಲಿನ ಪದರದಲ್ಲಿ. ಹಿಂದಿನವರೂ ಬೇಸಿಗೆಯಲ್ಲಿ ಹೂಳು ತೆಗೆಯುತ್ತಿದ್ದರು. ಆದರೆ ಎತ್ತಿನ ಗಾಡಿಯಲ್ಲಿ, ಹೊಲಕ್ಕೆ ಬೇಕಾದಷ್ಟು, ಈ ವರ್ಷ ಇಲ್ಲಿ, ಮುಂದಿನ ವರ್ಷ ಅಲ್ಲಿ. ನಾವು ಹದಿನೈದು ದಿನದಲ್ಲಿ ಇಡೀ ಕೆರೆಯ ಚರ್ಮ ಸುಲಿದಿದ್ದೆವು.

ಹಾಗಂತ ಹೂಳೆತ್ತುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೋರ್‌ವೆಲ್ ಬತ್ತಿದವನಿಗೆ ಹಕ್ಕಿಯ ಕಥೆ ಹೇಳಲು ಹೋದರೆ ಸರಿಯಾಗಿ ಬೈಯುತ್ತಾನೆ, ಬೈಯಲೂ ಬೇಕು. ಆದರೆ ಎರಡಕ್ಕೂ ಜಾಗ ಇದೆ. ಕೆರೆಯ ಹುಟ್ಟುಗುಣವೇ ಅದು. ಏರಿಯ ಕಡೆ ಆಳ, ನೀರು ಒಳಗೆ ಬರುವ ಬಾಲದ ಕಡೆ ತೆಳು. ಏರಿಯ ಕಡೆ ಬೇಕಾದಷ್ಟು ತೋಡಿ. ಬಾಲವನ್ನು ಬಿಟ್ಟುಬಿಡಿ.

ಬಿಟ್ಟುಬಿಡುವುದು ನಮಗೆ ಬಹಳ ಕಷ್ಟದ ಕೆಲಸ. ಕೆರೆ ಅಭಿವೃದ್ಧಿ ಅಂದರೆ ಚೊಕ್ಕ ಮಾಡುವುದು ಅಂತ ತಲೆಯಲ್ಲಿ ಕೂತಿದೆ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿ ನೋಡಿ. ಹಳೇ ಕಾಲದ ನೀರಾವರಿ ಕೆರೆ, ಸುಮಾರು 244 ಎಕರೆ. ನೀರಿನೊಳಗೇ ಜಾಲಿ ಮರಗಳು ನಿಂತಿವೆ. ಚೊಕ್ಕ ಮಾಡುವ ಗುತ್ತಿಗೆದಾರನ ಕಣ್ಣಿಗೆ ಬಿದ್ದರೆ ಮೊದಲ ದಿನವೇ ಕಡಿಯುವಂಥವು. ಆ ಮುಳ್ಳು ಮರಗಳ ಮೇಲೆಯೇ ಬಣ್ಣದ ಕೊಕ್ಕರೆ, ಬಾಯ್ಕಳಕ, ಕೆಂಬರಲು ಅಂತ ಸಂಸಾರ ಹೂಡಿವೆ. ಅಲ್ಲಿ ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚು. ಸುತ್ತಲೂ ನೀರು, ಕೆಳಗೆ ಮುಳ್ಳು, ಬೆಕ್ಕು ನಾಯಿ ಯಾವುದೂ ಹತ್ತುವ ಹಾಗಿಲ್ಲ. ಊರವರು ಬೇಡ ಅಂದಿದ್ದರೆ ಇಷ್ಟು ಹಕ್ಕಿ ಊರ ಮಗ್ಗುಲಲ್ಲೇ ಇರುತ್ತಿರಲಿಲ್ಲ. ಅಂಕಸಮುದ್ರ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. 1971ರಲ್ಲಿ ಇರಾನಿನ ರಾಮ್ಸಾರ್ ಅನ್ನುವ ಊರಿನಲ್ಲಿ ಆದ ಒಪ್ಪಂದದ ಪ್ರಕಾರ, ಜಗತ್ತಿಗೇ ಮುಖ್ಯವಾದ ಜೌಗು ನೆಲಗಳ ಪಟ್ಟಿ ಅದು.

ಅದೇ ದಿನ ಪಟ್ಟಿಯಲ್ಲಿ ಹೆಸರು ಪ್ರಕಟವಾದ ಇನ್ನೊಂದು ಕೆರೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿಯದು. ಅದರ ನೆಂಟರೇ ಬೇರೆ. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು. ಬಿಳಿ ತಲೆಯ ಮೇಲೆ ಎರಡು ಕಪ್ಪು ಗೆರೆ, ವಿಭೂತಿ ಉಲ್ಟಾ ಬಣ್ಣದಲ್ಲಿ ಬಳಿದ ಹಾಗೆ. ಪ್ರತಿ ಚಳಿಗಾಲ ಸುಮಾರು 8,000 ಹಕ್ಕಿ ಈ ಕೆರೆಗೆ ಬರುತ್ತವೆ. ಮಂಗೋಲಿಯಾದ ಸಂಶೋಧಕರು ಕತ್ತಿಗೆ ನಂಬರಿನ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಹಕ್ಕಿ ನೋಡುವವರ ಕಣ್ಣಿಗೆ ಬಿದ್ದಿವೆ.

ಇವು ಬರುವುದು ಹಿಮಾಲಯ ದಾಟಿ. ಎವರೆಸ್ಟ್ ಮೇಲೆ ಹಾರುತ್ತವೆ ಅಂತ ಕಥೆ ಇದೆ. ಉಪಕರಣ ಕಟ್ಟಿ ಅಳೆದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್, ಹೆಚ್ಚಿನ ಹೊತ್ತು ಅವು ಐದೂವರೆ ಸಾವಿರ ಮೀಟರಿನ ಕೆಳಗೇ ಹಾರುತ್ತವೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇವು ಒಮ್ಮೆ ಮೇಲೇರಿ ಅಲ್ಲೇ ನೇರ ಹೋಗುವುದಿಲ್ಲ. ಬೆಟ್ಟ ಏರಿದಾಗ ಏರಿ, ಕಣಿವೆ ಬಂದಾಗ ಇಳಿದು, ನೆಲವನ್ನು ಅನುಸರಿಸಿಕೊಂಡೇ ಬರುತ್ತವೆ. ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವುದು ಅಷ್ಟು ದುಬಾರಿ, ಇಳಿದು ಮತ್ತೆ ಏರುವುದೇ ಅಗ್ಗ. ರಕ್ತದ ಹಿಮೋಗ್ಲೋಬಿನ್ ಕೂಡ ಬೇರೆ ಬಾತುಗಳಿಗಿಂತ ಗಟ್ಟಿಯಾಗಿ ಆಮ್ಲಜನಕ ಹಿಡಿಯುತ್ತದೆ.

ಇಷ್ಟು ಕಷ್ಟಪಟ್ಟು ಬಂದು ಮಾಗಡಿ ಕೆರೆಯಲ್ಲಿ ಏನು ತಿನ್ನುತ್ತವೆ? ಕೆರೆಯಲ್ಲಿ ಹೆಚ್ಚೇನೂ ಇಲ್ಲ! ಹೆಬ್ಬಾತು ಮೇಯುವುದು ದನದ ಹಾಗೆ, ಹೊಲದಲ್ಲಿ. ಹಗಲು ನೀರಿನ ಮೇಲೆ, ದಡದಲ್ಲಿ ತೂಕಡಿಸಿ, ಕತ್ತಲಾದ ಮೇಲೆ ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಇಳಿಯುತ್ತವೆ. ಅಂದರೆ ಕೆರೆಗೆ ಬೇಲಿ ಹಾಕಿ ಕಾವಲು ಕೂರಿಸಿದರೂ ರೈತ ಮುನಿದರೆ ಹೆಬ್ಬಾತು ಉಳಿಯುವುದಿಲ್ಲ. ಬೋರ್ಡಿನಲ್ಲಿ ಕೆರೆಯ ಹೆಸರಿದೆ, ಆದರೆ ನಿಜವಾದ ಪಕ್ಷಿಧಾಮ ಆ ಹೊಲಗಳೇ ಅನ್ನುವುದು ನನ್ನ ಲೆಕ್ಕ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಈ ಲೆಕ್ಕ ಇನ್ನೊಂದು ಥರ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಮಗಳ ಹಾಗೆ ಊರವರು ನೋಡಿಕೊಳ್ಳುತ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರ. ಗೂಡಿರುವ ಮರದ ಹುಣಸೆ ಬಡಿಯದೆ ಬಿಟ್ಟವರಿಗೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿ ಬಿಡಲು ಊರ ಹುಡುಗರದೇ ಹೆಜ್ಜಾರ್ಲೆ ಬಳಗ ಇದೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಆದರೆ ಮರಿಯ ಬಾಯಿಗೆ ಹಾಕುವ ಮೀನು ಊರಿನಲ್ಲಿಲ್ಲ, ಸುತ್ತಲಿನ ಹತ್ತಾರು ಕೆರೆಗಳಲ್ಲಿದೆ. ಹುಣಸೆ ಮರ ಉಳಿಸಿ ಕೆರೆ ಕೆಡಿಸಿದರೆ ತೊಟ್ಟಿಲು ಇಟ್ಟು ಹಾಲು ನಿಲ್ಲಿಸಿದ ಹಾಗೆ.

ಸರಿ, ನಮ್ಮೂರಿಗೆ ವಾಪಸು ಬರೋಣ.

ಎರಡನೇ ಬೇಸಿಗೆಯಲ್ಲಿ ನಾವು ಕೆರೆಯ ಬಾಲದ ಕಡೆ ಮಣ್ಣು ತಂದು ಹಾಕಿಸಿದೆವು. ಹೌದು, ಹಾಕಿಸಿದೆವು. ಕಡಿದಾಗಿದ್ದ ಬದಿಯನ್ನು ಒಡೆದು, ದೂರದವರೆಗೂ ಇಳಿಜಾರು ಎಳೆಸಿದೆವು, ಮಿಕ್ಕ ಮಣ್ಣಿನಲ್ಲಿ ಒಂದು ಪುಟ್ಟ ದಿಬ್ಬ. ಅರಳಿಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಕರೆದು, "ಏನಪ್ಪಾ, ಹೋದ ವರ್ಷ ತೆಗಿಯಕ್ಕೆ ದುಡ್ಡು ಇಸ್ಕೊಂಡೆ, ಈ ವರ್ಷ ಹಾಕಕ್ಕೂ ಇಸ್ಕೊಳ್ತೀಯಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ನೂರು ರೂಪಾಯಿ ಕೊಟ್ಟರು, ಬೈಯುತ್ತಲೇ.

ಹೊಸ ಇಳಿಜಾರಿನ ಮೇಲೆ ಪಕ್ಕದ ಹಳೇ ಕೆರೆಯಿಂದ ನಾಲ್ಕು ಗಾಡಿ ಕೆಸರು ತಂದು ಎರಚಿದೆವು, ಡಾರ್ವಿನ್ ಮಹಾಶಯರ ಮೇಲೆ ಭಾರ ಹಾಕಿ. ಒಂದು ಮಳೆಗಾಲದಲ್ಲಿ ಜೊಂಡು, ಹುಲ್ಲು, ಕಳೆ ಎಲ್ಲ ಎದ್ದವು. ಮೊದಲ ಚಳಿಗಾಲ ಗದ್ದೆಗೊರವ, ಮೆಟ್ಟುಗಾಲು ಹಕ್ಕಿ ಬಂದವು, ಬಾತು ಬರಲಿಲ್ಲ. ಆಮೇಲಿನ ವರ್ಷ ವರಟೆ ಬಂತು. ಬಂದ ಬಾತು ಬರಿಗೈಲಿ ಬರುವುದಿಲ್ಲ. ಬೇರೆ ಕೆರೆಯಲ್ಲಿ ತಿಂದ ಬೀಜಗಳಲ್ಲಿ ಕೆಲವು ಅದರ ಹೊಟ್ಟೆಯಲ್ಲಿ ಅರಗದೆ ಇಲ್ಲಿ ಬಿದ್ದು ಮೊಳೆಯುತ್ತವೆ, ಕಾಲಿಗೆ ಮೆತ್ತಿದ ಕೆಸರಿನಲ್ಲಿ ಇನ್ನೇನೇನೋ ಇರುತ್ತದೆ.

ಜಗಳ ಮುಗಿದಿಲ್ಲ. ಏರಿಯ ಮೇಲೆ ವಾಕಿಂಗ್ ಮಾಡುವವರಿಗೆ ಕೆರೆ ಸುತ್ತಲೂ ದಾರಿ ಬೇಕು, ಜೋರು ಲೈಟು ಬೇಕು. ಬಾಲದ ಕಡೆ ದಾರಿ ಬೇಡ, ಕತ್ತಲಿರಲಿ ಅನ್ನುವುದು ನಮ್ಮ ವಾದ. ನಾಲ್ಕೂ ಕಡೆ ಜನ ಓಡಾಡಿದರೆ ಹಕ್ಕಿ ಹೆದರಿ ಏಳುವುದರಲ್ಲೇ ಮೇದದ್ದನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಸದ್ಯಕ್ಕೆ ಮೂರು ಕಡೆ ದಾರಿ, ಒಂದು ಕಡೆ ಮುಳ್ಳು ಅಂತ ರಾಜಿ ಆಗಿದೆ.

ಪ್ರತಿ ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ. ಸಂಬಳ ಇಲ್ಲದ, ಯಾರು ಬೇಕಾದರೂ ಸೇರಬಹುದಾದ ಕೆಲಸ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಿನಲ್ಲೇ ಅಳೆದು, ಅಂಥವು ಎಷ್ಟು ಗುಂಪು ಅಂತ ಲೆಕ್ಕ ಹಾಕುವುದು. ಈ ಸಲ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಾಲದ ಕಡೆ ತೆಳು ನೀರಿನಲ್ಲಿ ಸೂಜಿಬಾಲದ ಬಾತುಗಳ ಹಿಂಡು ಮೇಯುತ್ತಿತ್ತು. ಒಬ್ಬ ಹುಡುಗ ದುರ್ಬೀನಿನಲ್ಲಿ ನೋಡಿ, ಮತ್ತೆ ಮತ್ತೆ ತಪ್ಪಿ, ಕೊನೆಗೆ ಬೇಜಾರಾಗಿ ಕೇಳಿದ.

"ಸಾರ್, ಎಲ್ಲ ತಲೆ ಕೆಳಗೆ ಹಾಕ್ಕೊಂಡಿವೆ. ಹೆಂಗೆ ಎಣಿಸೋದು?"

ಬಾಲ ಎಣಿಸು ಅಂದೆ.