ಪ್ಲೀಡಿಂಗ್ಸ್ ಅಮೆಂಡ್‌ಮೆಂಟ್ ಅಂದ್ರೆ ಏನು? ಜಾಗದ ಕೇಸಿರೋರು ಓದಿ

ಕಾಸರಗೋಡಿನ ಕೋರ್ಟಿಗೆ ಹೊಸದಾಗಿ ಹೋದ ಕನ್ನಡದವರಿಗೆ ಮೊದ್ಲು ಗಲಿಬಿಲಿ ಆಗೋದು ‘ಅನ್ಯಾಯ’ ಅನ್ನೋ ಶಬ್ದ ಕೇಳಿ. ಮಲಯಾಳದಲ್ಲಿ ಪ್ಲೈಂಟಿಗೇ, ಅಂದ್ರೆ ಕೇಸು ಹಾಕೋರು ಕೋರ್ಟಿಗೆ ಬರೆದು ಕೊಡೋ ದಾವೆಗೇ, ಅನ್ಯಾಯ ಅಂತಾರೆ, ಅದಕ್ಕೆ ಎದುರು ಪಾರ್ಟಿ ಕೊಡೋ ಉತ್ತರಕ್ಕೆ ಪತ್ರಿಕ. ಇವೆರಡು ಸೇರಿದ್ರೆ ಪ್ಲೀಡಿಂಗ್ಸ್. ಅದರಲ್ಲಿ ಬರೆದದ್ದನ್ನ ಕೋರ್ಟಿನ ಅನುಮತಿ ತಗೊಂಡು ತಿದ್ದೋದೇ ಅಮೆಂಡ್‌ಮೆಂಟ್, 1908ರ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 6 ರೂಲ್ 17.

ನಮ್ಮ ಕಡೆ ಇದು ಜಾಸ್ತಿ ಬೇಕಾಗೋದು ಸರ್ವೆ ನಂಬರಿನ ವಿಷಯಕ್ಕೆ. ಅಜ್ಜನ ಕಾಲದ ಆಧಾರ, ಅಂದ್ರೆ ಜಾಗದ ದಸ್ತಾವೇಜು, ಕನ್ನಡದಲ್ಲಿ ಉಂಟು, 1956ಕ್ಕೆ ಮೊದ್ಲು ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದದ್ದಲ್ವಾ, ಅದರಲ್ಲಿರೋ ನಂಬರ್ ಹಳೇದು, ರೀಸರ್ವೆ (ಸರ್ಕಾರದ ಮರು ಅಳತೆ) ಆದ ಮೇಲೆ ವಿಲೇಜ್ ಆಫೀಸಲ್ಲಿ ಇರೋದು ಬೇರೆ, ಪ್ಲೈಂಟಿನ ಶೆಡ್ಯೂಲಲ್ಲಿ (ಜಾಗದ ವಿವರ ಇರೋ ಭಾಗ) ಹಳೇದನ್ನೇ ಬರೆದು ಹಾಕಿರ್ತಾರೆ, ಆಮೇಲೆ ಜಾಗ ನೋಡ್ಲಿಕ್ಕೆ ಕೋರ್ಟು ನೇಮಿಸಿದ ಕಮಿಷನರ್ ಸರ್ವೆಯರನ್ನ ಕರ್ಕೊಂಡು ಬಂದು ತೋಟ ಅಳೆದಾಗ ಸೆಂಟ್ಸೂ ಹೊಂದೋದಿಲ್ಲ ಗಡಿಯೂ ಹೊಂದೋದಿಲ್ಲ. ಹಾಗೇ ಬಿಟ್ರೆ ಕೇಸು ಗೆದ್ರೂ ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಯಾವ ಜಾಗಕ್ಕೆ ಅಂತ ಮತ್ತೆ ತಕರಾರು ಶುರು.

ಇನ್ನೊಂದು, ಬರೀ ಇಂಜಂಕ್ಷನ್ (ತಡೆಯಾಜ್ಞೆ) ಕೇಳಿ ಕೇಸು ಹಾಕಿರ್ತೀರಿ, ಎದುರಿನವರು ಜಾಗವೇ ನಿಮ್ಮದಲ್ಲ ಅಂತ ದಾಖಲೆ ಸಮೇತ ಪತ್ರಿಕ ಕೊಡ್ತಾರೆ. ಆಗ ಹಕ್ಕು ಘೋಷಣೆಯನ್ನೂ, ಅಂದ್ರೆ ಜಾಗ ನಮ್ಮದೇ ಅಂತ ಕೋರ್ಟು ಹೇಳಬೇಕು ಅನ್ನೋ ಬೇಡಿಕೆಯನ್ನೂ, ಸೇರಿಸಿ ತಿದ್ದಬೇಕಾಗ್ತದೆ. ತಡ ಮಾಡ್ಬೇಡಿ. ಘೋಷಣೆಗೆ ಲಿಮಿಟೇಶನ್ (ಅದನ್ನ ಕೇಳ್ಲಿಕ್ಕೆ ಇರೋ ಕಾಲಮಿತಿ) 3 ವರ್ಷ, ಅದು ದಾಟಿದ್ರೆ ಸೇರಿಸ್ಲಿಕ್ಕೆ ಕೋರ್ಟು ಸಾಮಾನ್ಯವಾಗಿ ಬಿಡೋದಿಲ್ಲ. ಮೊದ್ಲು ಒಪ್ಪಿಕೊಂಡದ್ದನ್ನ, ಉದಾಹರಣೆಗೆ ತೋಟದ ದಾರಿ ಅವರದ್ದೇ ಅಂತ ಬರೆದದ್ದನ್ನ, ಆಮೇಲೆ ಪೂರ್ತಿ ಅಳಿಸಿ ಉಲ್ಟಾ ಬರೀಲಿಕ್ಕೂ ಆಗೋದಿಲ್ಲ.

2002 ಜುಲೈ 1ರಿಂದ ರೂಲ್ ಇನ್ನೂ ಬಿಗಿ ಆಗಿದೆ. ಟ್ರಯಲ್ (ಸಾಕ್ಷಿ ವಿಚಾರಣೆ) ಶುರು ಆದ ಮೇಲೆ ತಿದ್ದಬೇಕಾದ್ರೆ, ಎಷ್ಟು ಜಾಗ್ರತೆ ಮಾಡಿದ್ರೂ ಈ ವಿಷಯ ಮೊದ್ಲೇ ಹೇಳ್ಲಿಕ್ಕೆ ಆಗ್ತಿರ್ಲಿಲ್ಲ ಅಂತ ಕೋರ್ಟಿಗೆ ಮನವರಿಕೆ ಆಗಬೇಕು. ವಕೀಲರಿಗೆ ಗೊತ್ತಿರ್ತದೆ ಅಂತ ಬಿಡ್ಬೇಡಿ, ನಿಮ್ಮ ತೋಟದ ಗಡಿ ಗೊತ್ತಿರೋದು ನಿಮಗೆ. ಪ್ಲೈಂಟಿನ ಕಾಪಿ ಇಂಗ್ಲಿಷಲ್ಲೋ ಮಲಯಾಳದಲ್ಲೋ ಇದ್ರೆ ಶೆಡ್ಯೂಲ್ ಒಂದನ್ನಾದ್ರೂ ಕನ್ನಡದಲ್ಲಿ ಓದಿಸಿಕೊಂಡು, ತೆರಿಗೆ ರಸೀದಿ ಪಕ್ಕದಲ್ಲಿಟ್ಟು ನಂಬರ್ ಒಂದೊಂದಾಗಿ ನೋಡಿ, ಸಾಕ್ಷಿ ಅಫಿಡವಿಟ್ (ಪ್ರಮಾಣ ಮಾಡಿ ಬರೆದು ಕೊಡೋ ಸಾಕ್ಷಿ ಹೇಳಿಕೆ) ಹಾಕೋದಕ್ಕೆ ಮೊದ್ಲೇ, ಟ್ರಯಲ್ ಶುರು ಅಂತ ಸಾಮಾನ್ಯವಾಗಿ ಲೆಕ್ಕ ಹಾಕೋದು ಅಲ್ಲಿಂದ.

ತಿದ್ಲಿಕ್ಕೆ ಕೋರ್ಟಿನ ಅನುಮತಿ ಸಿಕ್ಕಿದ ಮೇಲೂ ಕೆಲಸ ಉಂಟು: ಕೋರ್ಟು ಬೇರೆ ಗಡುವು ಹೇಳದಿದ್ರೆ 14 ದಿನದೊಳಗೆ ತಿದ್ದಿ ಆಗಬೇಕು, ಇಲ್ಲಾಂದ್ರೆ ಮತ್ತೆ ಸಮಯ ಕೇಳಬೇಕು.