ಕರಟದ ಇದ್ದಿಲಿನಲ್ಲಿ ಕರೆಂಟ್ ಇದೆಯೇ?

ಪ್ರಶ್ನೆ: ತೆಂಗಿನ ಕರಟ ಸುಟ್ಟ ಇದ್ದಿಲಿನಿಂದ ಬ್ಯಾಟರಿ ಮಾಡಬಹುದಂತೆ. ಇದ್ದಿಲಿನ ಪುಡಿಗೆ ಉಪ್ಪುನೀರು ಹಾಕಿ ಎಲ್‌ಇಡಿ ಉರಿಸಿದ್ದನ್ನು ವಿಡಿಯೊದಲ್ಲಿ ನೋಡಿದೆ. ತೋಟದ ಮನೆಯಲ್ಲಿ ಕರಟದ ರಾಶಿಯೇ ಬಿದ್ದಿದೆ. ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಕರಟದಿಂದ ವಿದ್ಯುತ್ತನ್ನು ಕೂಡಿಡುವ ಸಾಧನ ಖಂಡಿತ ಆಗುತ್ತದೆ, ಕಾರ್ಖಾನೆಗಳು ಮಾಡುತ್ತಲೂ ಇವೆ. ಒಲೆಯಿಂದ ತೆಗೆದ ಇದ್ದಿಲಿನಿಂದ ಆಗುವುದಿಲ್ಲ. ಇಷ್ಟು ಹೇಳಿದ ತಕ್ಷಣ ಎಲ್ಲರೂ ಆ ವಿಡಿಯೊವನ್ನೇ ಮುಂದೆ ಹಿಡಿಯುತ್ತಾರೆ. ಹಾಗಾಗಿ ಮೊದಲು ಅದರ ಇತ್ಯರ್ಥವಾಗಲಿ.

ವಿಡಿಯೊದಲ್ಲಿ ದೀಪ ಉರಿಯುವುದು ನಿಜ. ಆದರೆ ಇದ್ದಿಲಿನ ಕೆಳಗೆ ಏನು ಹಾಸಿದ್ದರು, ನೋಡಿದಿರಾ? ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ. ಕರೆಂಟ್ ಬರುತ್ತಿರುವುದು ಅದರಿಂದ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಗಾಳಿಯ ಆಮ್ಲಜನಕ ಅವನ್ನು ತೆಗೆದುಕೊಳ್ಳುತ್ತದೆ. ಇದ್ದಿಲು ಆ ಆಮ್ಲಜನಕ ಬಂದು ಕೂರುವ ಜಗಲಿ, ಅಷ್ಟೇ. ಇದಕ್ಕೆ ಅಲ್ಯೂಮಿನಿಯಂ-ಗಾಳಿ ಕೋಶ ಎಂದು ಹೆಸರು.

ನಂಬಿಕೆ ಬಾರದಿದ್ದರೆ ಪರೀಕ್ಷಿಸಿ. ದೀಪವನ್ನು ರಾತ್ರಿಯಿಡೀ ಉರಿಯಲು ಬಿಟ್ಟು, ಬೆಳಿಗ್ಗೆ ಹಾಳೆಯನ್ನು ತೊಳೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸೂಜಿಯಿಂದ ಚುಚ್ಚಿದಂತೆ ತೂತುಗಳು ಕಾಣುತ್ತವೆ, ಬಿಳಿಯ ಲೋಳೆಯೂ ಅಂಟಿಕೊಂಡಿರುತ್ತದೆ. ಇನ್ನು ಹಾಳೆಯನ್ನು ತೆಗೆದು, ಎರಡೂ ಕಡೆ ಅದೇ ಇದ್ದಿಲನ್ನಿಟ್ಟು ನೋಡಿ. ದೀಪ ಹತ್ತುವುದಿಲ್ಲ. ತರಗತಿಯಲ್ಲಿ ಈ ಎರಡನೆಯ ಪ್ರಯೋಗವನ್ನು ಮಾಡಿಸಿದಾಗ ಮಕ್ಕಳಿಗೆ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ದೊಡ್ಡವರಿಗೆ ವರ್ಷಗಟ್ಟಲೆ ಹೇಳಬೇಕಾಗಿದೆ. ಒಂದು ಕಿಲೋ ಅಲ್ಯೂಮಿನಿಯಂ ತಯಾರಿಸಲು ಕಾರ್ಖಾನೆಯಲ್ಲಿ ಸುಮಾರು 13ರಿಂದ 15 ಯೂನಿಟ್ ವಿದ್ಯುತ್ ಖರ್ಚಾಗಿರುತ್ತದೆ. ಅದರಲ್ಲೇ ಒಂದು ಪಾಲು ನಿಮ್ಮ ದೀಪದಲ್ಲಿ ಉರಿಯುತ್ತಿದೆ. ಅದನ್ನು ‘ಕರಟದ ಉಚಿತ ಕರೆಂಟ್’ ಎನ್ನುವುದು ಶುದ್ಧ ತಪ್ಪು.

ಹಾಗಾದರೆ ಕಾರ್ಖಾನೆಯವರು ಕರಟದಲ್ಲಿ ಕಂಡದ್ದೇನು? ಜಾಗ. ವಿದ್ಯುತ್ತನ್ನು ಕೂಡಿಡುವ ಸಾಧನ ಎಂದು ಆಗಲೇ ಹೇಳಿದೆನಲ್ಲ, ಅದರ ಹೆಸರು ಸೂಪರ್‌ಕೆಪಾಸಿಟರ್. ಅದರಲ್ಲಿ ಇಂಗಾಲದ ಎರಡು ವಿದ್ಯುದ್ವಾರಗಳು ದ್ರಾವಣದಲ್ಲಿ ನೆನೆದಿರುತ್ತವೆ. ಚಾರ್ಜ್ ಮಾಡಿದಾಗ ದ್ರಾವಣದ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಇಂಗಾಲದ ಮೈಗೆ ಬಂದು ಸಾಲುಗಟ್ಟುತ್ತವೆ, ಕರೆಂಟ್ ಬಳಸಿದಾಗ ಹೊರಟುಹೋಗುತ್ತವೆ. ಮೈ ಎಷ್ಟು ವಿಸ್ತಾರವೋ ಅಷ್ಟು ಅಯಾನುಗಳಿಗೆ ಎಡೆ. ಜಪಾನಿನ ಕುರಾರೆ ಕಂಪನಿ ಇದಕ್ಕೆಂದೇ ಕರಟದಿಂದ ತಯಾರಿಸುವ ವೈಪಿ-50ಎಫ್ ಎಂಬ ಪುಡಿಯಲ್ಲಿ ಒಂದು ಗ್ರಾಂಗೆ ಸುಮಾರು 1,600 ಚದರ ಮೀಟರ್ ಮೈ ಇದೆ. ನಮ್ಮ ಲೆಕ್ಕದಲ್ಲಿ ಹದಿನಾರು ಗುಂಟೆ! ಎರಡೂವರೆ ಗ್ರಾಂ ಪುಡಿಯೊಳಗೆ ಒಂದು ಎಕರೆ ಮಡಚಿಕೊಂಡು ಕುಳಿತಿದೆ. ಇದನ್ನು ಹೇಳುವಾಗ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಈ ಎಕರೆ ಒಲೆಯಲ್ಲಿ ಹುಟ್ಟುವುದಿಲ್ಲ. ಗಾಳಿಯಾಡದಂತೆ ಸುಟ್ಟ ಇದ್ದಿಲನ್ನು ಮತ್ತೆ 900 ಡಿಗ್ರಿ ಆಸುಪಾಸಿನ ಕಾವಿನಲ್ಲಿಟ್ಟು ನೀರಾವಿ ಹಾಯಿಸಬೇಕು. ಆವಿಯು ಇಂಗಾಲವನ್ನು ಕಾರ್ಬನ್ ಮಾನಾಕ್ಸೈಡ್ ಮಾಡಿ ಕಿತ್ತೊಯ್ಯುತ್ತದೆ. ಕಿತ್ತ ಜಾಗದಲ್ಲಿ ಎರಡು ನ್ಯಾನೋಮೀಟರ್‌ಗೂ ಕಿರಿದಾದ ರಂಧ್ರಗಳು ಉಳಿಯುತ್ತವೆ. ಆ ಅನಿಲ ಪ್ರಾಣ ತೆಗೆಯುವಂಥದ್ದು, ಆದ್ದರಿಂದ ಮನೆಯಲ್ಲಿ ದಯವಿಟ್ಟು ಈ ಸಾಹಸ ಬೇಡ. ಒಲೆಯ ಇದ್ದಿಲಿನಲ್ಲಿ ರಂಧ್ರಗಳ ಬಾಯಿ ಡಾಂಬರಿನಂಥ ಎಣ್ಣೆಯಿಂದ ಮುಚ್ಚಿರುತ್ತದೆ. ಜೊತೆಗೆ, ಕಾವು ಸಾಲದೆ ಹೋದ ಇದ್ದಿಲಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದೂ ಇಲ್ಲ. ಒಂದೇ ಒಲೆಯ ಎರಡು ಚೂರುಗಳಿಗೆ ಮಲ್ಟಿಮೀಟರಿನ ಮುಳ್ಳು ಒತ್ತಿ ನೋಡಿ: ಕೆಂಡದ ನಡುವೆ ಬೆಂದದ್ದರಲ್ಲಿ ಕರೆಂಟ್ ಹರಿಯಬಹುದು, ಅಂಚಿನಲ್ಲಿ ಬೆಂದದ್ದರಲ್ಲಿ ಹರಿಯದಿರಬಹುದು.

ಇಷ್ಟೆಲ್ಲ ಮಾಡಿದರೂ ಅದು ಬ್ಯಾಟರಿಯಲ್ಲ. ಸೂಪರ್‌ಕೆಪಾಸಿಟರ್ ಕಿಲೋಗೆ 5ರಿಂದ 10 ವಾಟ್-ಗಂಟೆ ಹಿಡಿದರೆ, ಲಿಥಿಯಂ ಬ್ಯಾಟರಿ 150ರಿಂದ 250 ಹಿಡಿಯುತ್ತದೆ. ಮೊಬೈಲಿಗೆ ಹಾಕಿದರೆ ಎರಡು ಕಿಲೋ ಹೊತ್ತು ತಿರುಗಬೇಕಾದೀತು. ಅದರ ಹೆಚ್ಚುಗಾರಿಕೆ ಬೇರೆ: ಸೆಕೆಂಡುಗಳಲ್ಲಿ ತುಂಬುತ್ತದೆ, ಲಕ್ಷಾಂತರ ಸಲ ತುಂಬಿ ಖಾಲಿಯಾದರೂ ಸವೆಯುವುದು ಅತ್ಯಲ್ಪ. 2006ರಲ್ಲಿ ಶಾಂಘೈಯಲ್ಲಿ ನಿಲ್ದಾಣಕ್ಕೊಮ್ಮೆ ಚಾರ್ಜ್ ತುಂಬಿಕೊಳ್ಳುತ್ತಾ ಓಡಿದ ಬಸ್ಸುಗಳು ಈ ಗುಣವನ್ನೇ ನೆಚ್ಚಿದ್ದವು.

ಕರಟದಿಂದ ನಿಜವಾದ ಬ್ಯಾಟರಿಯೇ ಬೇಕೆಂದರೆ ಸೋಡಿಯಂ ಬ್ಯಾಟರಿಯ ಕಡೆ ನೋಡಬೇಕು. ನೀವು ಇದನ್ನು ಕೇಳಿಲ್ಲ, ಆದರೂ ಹೇಳುತ್ತೇನೆ. ಲಿಥಿಯಂ ಬ್ಯಾಟರಿಯಲ್ಲಿ ಬಳಸುವ ಗ್ರಾಫೈಟ್‌ನ ಪದರಗಳ ನಡುವೆ ಸೋಡಿಯಂ ಸರಿಯಾಗಿ ಸೇರುವುದಿಲ್ಲ. ಅದಕ್ಕೆ ‘ಹಾರ್ಡ್ ಕಾರ್ಬನ್’ ಎಂಬ ಅಸ್ತವ್ಯಸ್ತ ಜೋಡಣೆಯ ಇಂಗಾಲ ಬೇಕು, ಅದನ್ನು ಕರಟದಿಂದಲೂ ಮಾಡುತ್ತಾರೆ. ಅಲ್ಲಿ ಬೇಡಿಕೆ ಪೂರಾ ತಿರುವುಮುರುವು. ಹೊರಗೆ ತೆರೆದ ಮೈ ಹೆಚ್ಚಿದಷ್ಟೂ ಮೊದಲ ಚಾರ್ಜಿನಲ್ಲೇ ಸೋಡಿಯಂ ಅಲ್ಲಿ ಪೊರೆಯಾಗಿ ಅಂಟಿ ನಷ್ಟವಾಗುತ್ತದೆ. ಹಾಗಾಗಿ ಆವಿ ಹಾಯಿಸುವುದಿಲ್ಲ. ಸಾವಿರ ಡಿಗ್ರಿ ದಾಟಿಸಿ ಸುಟ್ಟು, ರಂಧ್ರಗಳ ಬಾಯಿ ಮುಚ್ಚಿಸುತ್ತಾರೆ. ಸೋಡಿಯಂ ಆ ಮುಚ್ಚಿದ ಗೂಡುಗಳೊಳಗೆ ಹೋಗಿ ಸೇರಿಕೊಳ್ಳುತ್ತದೆ. ಒಂದೇ ಕಾಯಿಯ ಎರಡು ಕರಟಗಳಲ್ಲಿ ಒಂದಕ್ಕೆ ಆವಿ ಕೊಟ್ಟು ಬಾಯಿ ತೆರೆಸಬೇಕು, ಇನ್ನೊಂದಕ್ಕೆ ಕಾವು ಕೊಟ್ಟು ಮುಚ್ಚಿಸಬೇಕು.